ಹನ್ನೆರಡನೇ ಸೂಜಿ

ಲಸಿಕೆ ಬಂದ ದಿನ ಊರಿನಲ್ಲಿ ಧೈರ್ಯವಂತರಿಗೆ ಬರ ಬಂತು.

ಅಷ್ಟು ದಿನ ಎಲ್ಲರೂ ಅದಕ್ಕಾಗಿ ಬಾಯಿ ಬಾಯಿ ಬಿಟ್ಟವರೇ. ಪೆಟ್ಟಿಗೆ ಬಂದು ಆಸ್ಪತ್ರೆಯ ಫ್ರಿಜ್ಜಿನಲ್ಲಿ ಕೂತದ್ದೇ ತಡ, ಊರು ಎರಡು ಹೋಳಾಯಿತು. ಹಾಕಿಸಿಕೊಳ್ಳಲೇಬೇಕು ಎನ್ನುವವರು ಒಂದು ಕಡೆ. ಹಾಕಿಸಿಕೊಳ್ಳಲೇಬಾರದು ಎನ್ನುವವರು ಇನ್ನೊಂದು ಕಡೆ. ಟೀವಿಯಲ್ಲಿ ಕೂಗಾಡಿದರು. ಆಸ್ಪತ್ರೆಯ ಗೇಟಿನ ಎಡಕ್ಕೊಂದು ಗುಂಪು, ಬಲಕ್ಕೊಂದು ಗುಂಪು ಬೋರ್ಡು ಹಿಡಿದು ನಿಂತವು. ಒಂದು ವಿಷಯದಲ್ಲಿ ಮಾತ್ರ ಎರಡು ಗುಂಪಿಗೂ ಒಮ್ಮತವಿತ್ತು. ಮೊದಲು ಬೇರೆ ಯಾರಾದರೂ ಚುಚ್ಚಿಸಿಕೊಳ್ಳಲಿ.

ಆಸ್ಪತ್ರೆಯ ಒಳಗೂ ಅದೇ ಕಥೆ. ದೊಡ್ಡ ಸಾಹೇಬರು, ಅಂದರೆ ಆಸ್ಪತ್ರೆಯ ಮುಖ್ಯಸ್ಥರು, ಬೆಳಿಗ್ಗೆ ಪತ್ರಿಕೆಯವರ ಮುಂದೆ ಲಸಿಕೆಯ ಪರವಾಗಿ ಮುಕ್ಕಾಲು ಗಂಟೆ ಮಾತಾಡಿದರು. ಮಧ್ಯಾಹ್ನದ ಹೊತ್ತಿಗೆ ಅವರಿಗೆ ಚಿಕ್ಕಂದಿನ ಅಲರ್ಜಿಯೊಂದು ನೆನಪಾಯಿತು. ಅವರ ಕೈಕೆಳಗಿನ ಡಾಕ್ಟರಿಗೆ ಬಿ.ಪಿ. ಏರಿತು. ಆಫೀಸಿನವರಲ್ಲಿ ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ, ಇನ್ನರ್ಧಕ್ಕೆ ಅದು ಬರುವ ಸೂಚನೆ. ಕಾಯಿಲೆಯವರು ವಾರ್ಡಿನಲ್ಲಿರುತ್ತಾರೆ ಅಂದುಕೊಂಡವರಿಗೆ ಅವತ್ತು ಅಸಲು ರೋಗಿಗಳೆಲ್ಲ ಆಫೀಸಿನಲ್ಲೇ ಇದ್ದಾರೆಂದು ಗೊತ್ತಾಯಿತು.

ಆದರೆ ಮರುದಿನ ಮೊದಲ ಸೂಜಿಯ ಫೋಟೋ ಮೇಲಕ್ಕೆ ಕಳಿಸಲೇಬೇಕಿತ್ತು. ಆಗ ದೊಡ್ಡ ಸಾಹೇಬರಿಗೆ ಕಸ ಗುಡಿಸುವವರ ಮೇಲೆ ಇದ್ದಕ್ಕಿದ್ದಂತೆ ಗೌರವ ಉಕ್ಕಿತು.

ಗುಡಿಸುವವರು ಹನ್ನೆರಡು ಜನ, ಎಲ್ಲರೂ ಹೆಂಗಸರು. ಸೋಂಕಿನ ವಾರ್ಡಿನ ನೆಲವನ್ನು ದಿನಕ್ಕೆ ಆರು ಸಲ ಒರೆಸುವವರು. ಹಾಸಿಗೆಯಲ್ಲೇ ಆದದ್ದನ್ನು ಬಾಚಿ ಬಳಿಯುವವರು. ಕಫದ ಬಟ್ಟಲು, ರಕ್ತದ ಹತ್ತಿ, ವಾಂತಿಯ ಬಕೀಟು ಎಲ್ಲ ಇವರದೇ. ಸತ್ತವರನ್ನು ಪ್ಲಾಸ್ಟಿಕ್ ಚೀಲಕ್ಕೆ ಸೇರಿಸಿ ಜಿಪ್ ಎಳೆಯುವುದೂ ಇವರದೇ. ಡಾಕ್ಟರು ಬಾಗಿಲಲ್ಲೇ ನಿಂತು ವಿಚಾರಿಸುವ ರೋಗಿಯನ್ನು ಇವರು ಕಂಕುಳಿಗೆ ಕೈ ಹಾಕಿ ಎತ್ತಿ ಮಗ್ಗುಲು ಬದಲಿಸುತ್ತಿದ್ದರು. ಬಿಳಿ ರಕ್ಷಣಾ ಅಂಗಿಯೇನೋ ಇತ್ತು, ಇಬ್ಬರಿಗೆ ಒಂದು. ಬೆಳಗಿನವಳು ಬಿಚ್ಚಿದ್ದನ್ನು ಮಧ್ಯಾಹ್ನದವಳು ಬ್ಲೀಚಿಂಗ್ ನೀರಿನಲ್ಲಿ ಅದ್ದಿ, ಹಿಂಡಿ, ಒದ್ದೆಯಲ್ಲೇ ತೊಡುತ್ತಿದ್ದಳು. ಕತ್ತು, ಕಂಕುಳು ಉರಿದು ಸಿಪ್ಪೆ ಏಳುತ್ತಿತ್ತು. ಸಂಬಳ ಗುತ್ತಿಗೆದಾರನ ಕೈಯಿಂದ, ಬೈಗುಳ ಆಸ್ಪತ್ರೆಯ ಬಾಯಿಂದ.

ಆ ಹನ್ನೆರಡರಲ್ಲಿ ಇಬ್ಬರು ಒಂದೇ ಮನೆಯವರು, ಅತ್ತಿಗೆ ಮತ್ತು ನಾದಿನಿ. ನಾದಿನಿ ಕರೆಯುವುದನ್ನು ಕೇಳಿ ಕೇಳಿ ಇಡೀ ವಾರ್ಡೇ ಅವಳನ್ನು ಅತ್ತಿಗೆ ಎನ್ನುತ್ತಿತ್ತು. ದೊಡ್ಡ ಸಾಹೇಬರೊಬ್ಬರು ಮಾತ್ರ ಏನೂ ಅನ್ನುತ್ತಿರಲಿಲ್ಲ, ಬೆರಳು ತೋರಿಸುತ್ತಿದ್ದರು. ನಾದಿನಿ ಐದು ವರ್ಷದ ಮಗಳನ್ನು ಕರೆದುಕೊಂಡು ಅಣ್ಣನ ಮನೆ ಸೇರಿದ್ದವಳು. ಗಂಡ ಬಿಟ್ಟನಂತೆ ಎಂದು ಯಾರಾದರೂ ಮೂಗು ಮುರಿದರೆ, "ಅವನೆಲ್ಲಿ ಬಿಡ್ತಾನೆ, ನಾನೇ ಗುಡಿಸಿ ಹಾಕಿ ಬಂದೆ. ಅಭ್ಯಾಸ ನೋಡಿ" ಎನ್ನುತ್ತಿದ್ದಳು. ಬಾಯಿ ಜೋರು. ನಗು ಇನ್ನೂ ಜೋರು.

ಹನ್ನೆರಡು ಜನರನ್ನೂ ಹೊರರೋಗಿಗಳ ಹಾಲಿಗೆ ಕರೆಸಿ ಸಾಲಾಗಿ ನಿಲ್ಲಿಸಿದರು. ದೊಡ್ಡ ಸಾಹೇಬರು ಆರಡಿ ದೂರದಲ್ಲಿ ನಿಂತು ಕೈ ಮುಗಿದರು.

"ನೀವೇ ನಮ್ಮ ನಿಜವಾದ ಯೋಧರು. ಈ ಗೌರವ ಮೊದಲು ನಿಮಗೇ ಸಲ್ಲಬೇಕು ಅಂತ ನನ್ನ ಆಸೆ."

"ಅತ್ತಿಗೆ, ಬೆಳಿಗ್ಗೆ ಒದ್ದೆ ನೆಲದ ಮೇಲೆ ಓಡಾಡಿ ನಮಗೇ ಬೈದವರು ಇವರೇ ತಾನೆ?" ನಾದಿನಿ ಪಿಸುಗುಟ್ಟಿದಳು.

"ಸುಮ್ನಿರು. ಗೌರವ ಕೊಡ್ತಿದ್ದಾರೆ."

"ಎಲ್ಲಿ ಕೊಡ್ತಾರೆ? ತೋಳಿಗೋ, ಸೊಂಟಕ್ಕೋ?"

ಗುಮಾಸ್ತ ಹನ್ನೆರಡು ಕಾಗದ ತಂದ. ಅತ್ತಿಗೆ ನಾಲ್ಕನೇ ತರಗತಿಯವರೆಗೆ ಓದಿದವಳು. ಬೆರಳಿಟ್ಟು ಓದಿದಳು. ನಾನು ಈ ಆಸ್ಪತ್ರೆಯ ಸಿಬ್ಬಂದಿಯಲ್ಲ. ಸ್ವಯಂಸೇವಕಿ. ಸ್ವಂತ ಇಚ್ಛೆಯಿಂದ ಲಸಿಕೆ ಹಾಕಿಸಿಕೊಳ್ಳುತ್ತಿದ್ದೇನೆ. ಮುಂದೆ ಏನಾದರೂ ಆದರೆ ಆಸ್ಪತ್ರೆ ಹೊಣೆಯಲ್ಲ.

"ಸಿಬ್ಬಂದಿಯಲ್ಲ ಅಂತಿದೆಯಲ್ಲ ಸಾರ್. ಎಂಟು ವರ್ಷದಿಂದ ಇಲ್ಲೇ ಬಿದ್ದಿದ್ದೀವಿ."

"ಅದು ಸುಮ್ನೆ ಕಾಗದಕ್ಕೆ ಕಣಮ್ಮ," ಎಂದ ಗುಮಾಸ್ತ. ಅವನದೂ ತಪ್ಪಿಲ್ಲ, ಮೇಲಿನವರು ಬರೆಸಿದ್ದನ್ನು ಬರೆದವನು. "ಹಾಕಿ, ಹಾಕಿ. ಫೋಟೋದವರು ಕಾಯ್ತಿದ್ದಾರೆ."

ಎಲ್ಲರೂ ಮುಖ ಮುಖ ನೋಡಿಕೊಂಡರು. ಹಾಕದಿದ್ದರೆ ನಾಳೆ ಗುತ್ತಿಗೆದಾರ ಗೇಟಿನಲ್ಲೇ ನಿಲ್ಲಿಸುತ್ತಾನೆ. ನಾದಿನಿ ಮುಂದೆ ಹೋಗಿ ಮೊದಲ ಸಹಿ ಹಾಕಿದಳು. ಅಂಗಿಯ ತೋಳು ಮೇಲಕ್ಕೆ ಮಡಚಿ ಕುರ್ಚಿಯಲ್ಲಿ ಕೂತಳು.

"ನನಗೇನಾದ್ರೂ ಆದ್ರೆ ಜಿಪ್ಪು ನೀನೇ ಎಳಿ ಅತ್ತಿಗೆ. ಇವರೆಲ್ಲ ಕೂದಲು ಸಿಕ್ಕಿಸ್ತಾರೆ."

ಎಲ್ಲರೂ ನಕ್ಕರು. ಕ್ಯಾಮೆರಾ ಮಿಂಚಿತು. ಮರುದಿನದ ಪೇಪರಿನಲ್ಲಿ ಅದೇ ನಗು ಬಂತು. ಕೆಳಗೆ ದೊಡ್ಡ ಸಾಹೇಬರ ಹೇಳಿಕೆ, ಪಕ್ಕದಲ್ಲಿ ದೊಡ್ಡ ಸಾಹೇಬರ ಫೋಟೋ. ಅವಳ ಫೋಟೋಗಿಂತ ಎರಡು ಪಟ್ಟು.

ಕಂಪ್ಯೂಟರಿಗೆ ತುಂಬುವಾಗ ಗುಮಾಸ್ತನಿಗೆ ಒಂದು ಪೇಚು ಬಂತು. ಉದ್ಯೋಗ ಎಂಬ ಜಾಗದಲ್ಲಿ ಅವನು ಏನನ್ನೂ ಟೈಪು ಮಾಡುವಂತಿರಲಿಲ್ಲ, ಇದ್ದದ್ದರಲ್ಲಿ ಒಂದನ್ನು ಆರಿಸಬೇಕು. ವೈದ್ಯರು, ದಾದಿಯರು, ಆಸ್ಪತ್ರೆ ಸಿಬ್ಬಂದಿ. ಸ್ವಯಂಸೇವಕಿ ಎಂಬುದೇ ಇಲ್ಲ. ಊಟದ ಹೊತ್ತಾಗಿತ್ತು. ಹನ್ನೆರಡಕ್ಕೂ ಆಸ್ಪತ್ರೆ ಸಿಬ್ಬಂದಿ ಎಂದು ಒತ್ತಿ ಎದ್ದ. ಹೀಗೆ ಆ ಹೆಂಗಸರು ಕಾಗದದಲ್ಲಿ ಹೊರಗಿನವರು, ಕಂಪ್ಯೂಟರಿನಲ್ಲಿ ಒಳಗಿನವರಾದರು. ಫೋನ್ ನಂಬರು ಕೇಳಿದಾಗ ನಾದಿನಿ ಅತ್ತಿಗೆಯದನ್ನೇ ಕೊಟ್ಟಳು. ಮನೆಗೆಲ್ಲ ಇದ್ದದ್ದು ಅದೊಂದೇ ಫೋನು.

ಜ್ವರ ಬಂತು, ಮೈಕೈ ನೋವು ಬಂತು. ಜ್ವರದಲ್ಲೇ ನೆಲ ಒರೆಸಿದರು. ಹತ್ತು ದಿನ ಆಫೀಸಿನವರು ಒಬ್ಬೊಬ್ಬರಾಗಿ ಬಂದು ಕಿಟಕಿಯಿಂದ ಇವರನ್ನು ನೋಡಿಕೊಂಡು ಹೋದರು.

"ಒಲೆ ಮೇಲೆ ಹಾಲಿಟ್ಟವರ ಹಾಗೆ ಬಂದು ಬಂದು ನೋಡ್ತಾರಲ್ಲ," ಎಂದಳು ನಾದಿನಿ. "ಸತ್ತಿಲ್ಲ ಸಾರ್, ಇನ್ನೂ ಸತ್ತಿಲ್ಲ. ನಾಳೆ ಬನ್ನಿ."

ಯಾರೂ ಸಾಯಲಿಲ್ಲ. ಹನ್ನೊಂದನೇ ದಿನ ಆಸ್ಪತ್ರೆಯಲ್ಲಿ ಪವಾಡಗಳು ನಡೆದವು. ದೊಡ್ಡ ಸಾಹೇಬರ ಅಲರ್ಜಿ ಮಾಯವಾಯಿತು. ಡಾಕ್ಟರ ಬಿ.ಪಿ. ಇಳಿಯಿತು. ಆಫೀಸಿನ ಸಕ್ಕರೆಯೆಲ್ಲ ಕರಗಿಹೋಯಿತು. ಸಾಹೇಬರು ಹಾಕಿಸಿಕೊಂಡರು, ಅವರ ಹೆಂಡತಿ ಹಾಕಿಸಿಕೊಂಡರು, ಅತ್ತೆ ಹಾಕಿಸಿಕೊಂಡರು, ಅತ್ತೆಯ ತಂಗಿ ಬೇರೆ ಊರಿನಿಂದ ಕಾರಿನಲ್ಲಿ ಬಂದು ಹಾಕಿಸಿಕೊಂಡರು. ಎಲ್ಲರೂ ಆಸ್ಪತ್ರೆ ಸಿಬ್ಬಂದಿ. ಗೇಟಿನಲ್ಲಿ ಬೇಡ ಎಂಬ ಬೋರ್ಡು ಹಿಡಿದಿದ್ದವರಲ್ಲಿ ಕೆಲವರು ಬೋರ್ಡನ್ನು ಗೋಡೆಗೆ ಒರಗಿಸಿ, ಕಣ್ಣಿನವರೆಗೆ ಮಾಸ್ಕ್ ಎಳೆದುಕೊಂಡು ಹಿಂಬಾಗಿಲಿನಿಂದ ಬಂದರು. ಹಾಕಿಸಿಕೊಂಡು ಹೋಗಿ ಮತ್ತೆ ಬೋರ್ಡು ಎತ್ತಿಕೊಂಡರು. ಆ ಹಿಂಬಾಗಿಲನ್ನು ಒರೆಸುತ್ತಿದ್ದವಳು ಅತ್ತಿಗೆ. ಯಾರ ಚಪ್ಪಲಿ ಯಾವುದೆಂದು ಅವಳಿಗೆ ಗೊತ್ತಿತ್ತು.

ಎರಡನೇ ಸೂಜಿಯ ದಿನ ಬಂತು, ಹೋಯಿತು. ಹನ್ನೆರಡು ಜನರನ್ನು ಯಾರೂ ಕರೆಯಲಿಲ್ಲ.

ನಾದಿನಿ ನಾಲ್ಕು ಸಲ ಕೇಳಿದಳು. ಮೊದಲ ಸಲ ಕೇಳಿದಾಗ ಲಸಿಕೆ ಮುಗಿದಿದೆ ಎಂದರು. ಎರಡನೇ ಸಲ, ಇದು ಸಿಬ್ಬಂದಿಗೆ ಮಾತ್ರ, ನೀವು ಸ್ವಯಂಸೇವಕರು ಎಂದು ಫೈಲಿನಿಂದ ಅವಳದೇ ಸಹಿಯ ಕಾಗದ ತೆಗೆದು ತೋರಿಸಿದರು. ಸಾರ್ವಜನಿಕರ ಸಾಲಿನಲ್ಲಿ ನಿಲ್ಲಬೇಕಂತೆ. ನಿಂತಳು. ಅದು ಮೂರನೇ ಸಲ. ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ನಿಂತ ಮೇಲೆ ಹಿಂದಿನವರು ಅವಳು ತೊಟ್ಟಿದ್ದ ಗುಡಿಸುವವರ ನೀಲಿ ಅಂಗಿ ಗುರುತಿಸಿದರು. "ಏಯ್, ಇವಳು ಆ ವಾರ್ಡಿನವಳು. ನಮಗೆಲ್ಲ ಅಂಟಿಸೋಕೆ ಬಂದ್ಲಾ? ನಿಮಗೆ ಒಳಗೆ ಬೇಕಾದಷ್ಟಿರುತ್ತೆ, ನಮ್ಮದಕ್ಕೂ ಕಣ್ಣು ಹಾಕ್ತೀರ?" ಎಂದು ತಳ್ಳಿದರು. ಒಳಗಿನವರಿಗೆ ಹೊರಗಿನವಳು, ಹೊರಗಿನವರಿಗೆ ಒಳಗಿನವಳು. ನಾಲ್ಕನೇ ಸಲ ಅವಳು ಪಡಸಾಲೆಯಲ್ಲಿ ದೊಡ್ಡ ಸಾಹೇಬರನ್ನೇ ತಡೆದು ಕೇಳಿದಳು. ಅವರು ಆರಡಿ ಹಿಂದೆ ಸರಿದು ಬೆರಳು ಎತ್ತಿದರು.

"ಸುಮ್ನೆ ಕಾಡಬೇಡ. ಒಂದು ಹಾಕಿದ್ದೇ ಹೆಚ್ಚು."

ಆಮೇಲೆ ಅವಳು ಕೇಳಲಿಲ್ಲ. ಕೆಮ್ಮತೊಡಗಿದಳು.

ಮಹಡಿಯ ಮೇಲೆ ಸಿಬ್ಬಂದಿಗೆಂದೇ ಎಂಟು ಹಾಸಿಗೆ ಕಾದಿರಿಸಿದ್ದರು. ಐದು ಖಾಲಿ ಇದ್ದವು. ಆ ಕೋಣೆಯನ್ನು ದಿನಾ ಒರೆಸುತ್ತಿದ್ದವಳೇ ನಾದಿನಿ. ಮತ್ತೆ ಅದೇ ಕಾಗದ ಹೊರಗೆ ಬಂತು. ಸ್ವಯಂಸೇವಕಿ. ಅವಳನ್ನು ಪಡಸಾಲೆಯಲ್ಲಿ ಸ್ಟ್ರೆಚರಿನ ಮೇಲೆ ಮಲಗಿಸಿದರು. ಎರಡು ದಿನ ಅತ್ತಿಗೆ ಆ ಸ್ಟ್ರೆಚರಿನ ಸುತ್ತ ನೆಲ ಒರೆಸಿದಳು. ಒರೆಸುವುದು ನಿಲ್ಲಿಸಿ ಪಕ್ಕದಲ್ಲಿ ಕೂತರೆ ಗುತ್ತಿಗೆದಾರ ಕೂಗುತ್ತಿದ್ದ. ಹಾಗಾಗಿ ಆ ಒಂದೇ ಜಾಗವನ್ನು ಮತ್ತೆ ಮತ್ತೆ ಒರೆಸಿದಳು. ಪಡಸಾಲೆಯಲ್ಲಿ ಅಷ್ಟು ಚೊಕ್ಕ ಜಾಗ ಬೇರೊಂದಿರಲಿಲ್ಲ. ನಾದಿನಿ ಉಸಿರಿಗಾಗಿ ಒದ್ದಾಡುತ್ತ ಏನೋ ತಮಾಷೆ ಹೇಳಲು ನೋಡಿದಳು. ಆಗಲಿಲ್ಲ. ಮೂರನೇ ದಿನ ಮಧ್ಯಾಹ್ನ ಸತ್ತಳು.

ಜಿಪ್ಪನ್ನು ಅತ್ತಿಗೆಯೇ ಎಳೆದಳು. ಕೂದಲನ್ನು ಕೈಯಿಂದ ಒಟ್ಟು ಮಾಡಿ, ಕಿವಿಯ ಹಿಂದಕ್ಕೆ ಸರಿಸಿ, ನಿಧಾನಕ್ಕೆ ಎಳೆದಳು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟು ಮರುದಿನವೂ ಇತ್ತು, ಅದರ ಮರುದಿನವೂ ಇತ್ತು. ಮನೆಯಲ್ಲಿ ಮಗು ಅಮ್ಮ ಎಲ್ಲಿ ಎಂದು ಕೇಳಿದಾಗಲೆಲ್ಲ ಹೊಸದಾಗಿ ಹುಟ್ಟುತ್ತಿತ್ತು.

ಆಸ್ಪತ್ರೆಯ ಲೆಕ್ಕದಲ್ಲಿ ಯಾವ ಸಿಬ್ಬಂದಿಯೂ ಸತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ದಿನ ಬೆಳಿಗ್ಗೆ ಉಳಿದ ಹನ್ನೊಂದು ಜನರಿಗೂ ಕರೆ ಬಂತು. ಎಲ್ಲ ಕೆಲಸ ಬಿಟ್ಟು ಹಾಲಿಗೆ ಬನ್ನಿ, ಎರಡನೇ ಸೂಜಿ. ಹಾಲಿಗೆ ಹೋದರೆ ಕುರ್ಚಿಗಳಿಗೆ ಬಿಳಿ ಬಟ್ಟೆ ತೊಡಿಸಿದ್ದಾರೆ, ಮೇಜಿನ ಮೇಲೆ ಹೂವಿದೆ. ವಿಷಯ ಇಷ್ಟೇ. ಪ್ರತಿ ಸಿಬ್ಬಂದಿಗೂ ಎರಡೂ ಸೂಜಿ ಹಾಕಿದ, ಒಬ್ಬ ಸಿಬ್ಬಂದಿಯನ್ನೂ ಕಳೆದುಕೊಳ್ಳದ ಆಸ್ಪತ್ರೆಗೆ ಪ್ರಶಸ್ತಿ ಇತ್ತು. ಪರಿಶೀಲನೆಯವರು ಹನ್ನೊಂದು ಗಂಟೆಗೆ ಬರುವವರಿದ್ದರು. ಹಿಂದಿನ ಸಂಜೆ ದೊಡ್ಡ ಸಾಹೇಬರು ಖುಷಿಯಿಂದ ಕಂಪ್ಯೂಟರ್ ತೆಗೆಸಿ ನೋಡಿದರೆ, ಆಸ್ಪತ್ರೆ ಸಿಬ್ಬಂದಿಯಲ್ಲಿ ಹನ್ನೆರಡು ಬಾಕಿ ಎಂದು ಕೆಂಪಗೆ ತೋರಿಸುತ್ತಿತ್ತು. ಗುಮಾಸ್ತನಿಗೆ ಸಿಕ್ಕ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಆದರೆ ಉದ್ಯೋಗದ ಜಾಗದಲ್ಲಿ ಒಮ್ಮೆ ಒತ್ತಿದ್ದನ್ನು ಈಗ ತಿದ್ದಲು ಬರುತ್ತಿರಲಿಲ್ಲ. ಹನ್ನೆರಡು ಹೆಂಗಸರು ಸಿಬ್ಬಂದಿಯಾಗಿ ಗಟ್ಟಿಯಾಗಿ ಕೂತುಬಿಟ್ಟಿದ್ದರು.

ಸಿಸ್ಟರ್ ಬೇಗ ಬೇಗ ಚುಚ್ಚಿದರು. ಹತ್ತೂಕಾಲಿಗೆ ಹನ್ನೊಂದೂ ಮುಗಿಯಿತು.

"ಇನ್ನೊಂದು ಬಾಕಿ ತೋರಿಸ್ತಿದೆ ಸಾರ್," ಎಂದ ಗುಮಾಸ್ತ.

"ಹಾಕಿದೆ ಅಂತ ಒತ್ತು."

"ಅವರು ಇಲ್ಲವಲ್ಲ ಸಾರ್."

"ಒತ್ತು ಅಂದೆ."

ಒತ್ತಿದ. ಅತ್ತಿಗೆಯ ಅಂಗಿಯ ಜೇಬಿನಲ್ಲಿ ಫೋನು ಗುಯ್‌ಗುಟ್ಟಿತು. ತೆಗೆದು ನೋಡಿದಳು. ನಾದಿನಿಯ ಹೆಸರಿತ್ತು. ನಿಮಗೆ ಎರಡನೇ ಡೋಸ್ ನೀಡಲಾಗುತ್ತಿದೆ, ದಯವಿಟ್ಟು ಈ ನಾಲ್ಕು ಅಂಕಿಯನ್ನು ಸಿಬ್ಬಂದಿಗೆ ತಿಳಿಸಿ. ಸತ್ತವಳ ಹೆಸರನ್ನು ಇಷ್ಟು ಮರ್ಯಾದೆಯಿಂದ ಆ ಆಸ್ಪತ್ರೆ ಹಿಂದೆಂದೂ ಕರೆದಿರಲಿಲ್ಲ.

"ಆ ನಂಬರು ಹೇಳಿ ಅತ್ತಿಗೆ. ಇಲ್ದಿದ್ರೆ ಮುಂದಕ್ಕೆ ಹೋಗಲ್ಲ," ಎಂದ ಗುಮಾಸ್ತ, ಅವಳ ಮುಖ ನೋಡದೆ.

ಅತ್ತಿಗೆ ಫೋನನ್ನು ಅವನಿಗೆ ಕಾಣದಂತೆ ತಿರುಗಿಸಿ ಹಿಡಿದಳು.

ದೊಡ್ಡ ಸಾಹೇಬರು ಬೆರಳು ಎತ್ತಿದರು. ಮರುಕ್ಷಣ ಏನೋ ಹೊಳೆದವರ ಹಾಗೆ ಬೆರಳು ಇಳಿಸಿ, ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ಆರಡಿ ಮರೆತೇಹೋಯಿತು.

"ನೋಡಮ್ಮ, ಆದದ್ದು ಆಗಿಹೋಯ್ತು. ಆ ಮಗು ನಿಮ್ಮ ಮನೇಲೇ ಇದೆಯಂತೆ. ಅದರ ಓದು ಬರಹ ಇದೆ. ನಿನ್ನನ್ನ ಖಾಯಂ ಮಾಡಿಸ್ತೀನಿ. ಗುತ್ತಿಗೆದಾರನ ಹಂಗೇ ಇರಲ್ಲ. ನಾಲ್ಕು ಅಂಕಿ ಹೇಳು, ಸಾಕು."

ಸುಳ್ಳೇಕೆ, ಅತ್ತಿಗೆಗೆ ಆಸೆಯಾಯಿತು. ಖಾಯಂ ಎಂಬ ಮಾತಿಗಾಗಿ ಎಂಟು ವರ್ಷ ಹಲ್ಲು ಕಚ್ಚಿದವಳು ಅವಳು. ಮಗುವಿಗೆ ಒಳ್ಳೆಯ ಶಾಲೆ, ತಿಂಗಳಿಗೆ ನಾಲ್ಕು ರಜೆ, ಒಣಗಿದ ಅಂಗಿ. ಫೋನಿನ ಮೇಲೆ ಅಂಕಿಗಳು ಎದ್ದು ಕಾಣುತ್ತಿದ್ದವು. ಒಂಬತ್ತು, ಎರಡು, ಮತ್ತೆ ಎರಡು, ಆರು. ಹೇಳಿದರೆ ನಾದಿನಿಗೆ ಎರಡೂ ಸೂಜಿ ಬಿದ್ದಂತೆ. ಹಾಗಾದರೆ ಸತ್ತವಳು ಯಾರು? ಪಡಸಾಲೆಯಲ್ಲಿ ಮೂರು ದಿನ ಬಾಯಿ ಬಿಟ್ಟು ಉಸಿರೆಳೆದವಳು ಯಾರು?

"ನನಗೆ ಈ ಕೆಲಸ ಬೇಕು ಸಾರ್," ಎಂದಳು. "ತುಂಬಾ ಬೇಕು. ಆದ್ರೆ ನಂಬರು ಹೇಳಲ್ಲ."

"ಯಾಕೆ?"

"ಅವಳನ್ನ ಒಂದು ಸಲ ಸಾಯಿಸಿದ್ದೀರಿ. ಸತ್ತೇ ಇಲ್ಲ ಅಂತ ನನ್ನ ಕೈಲಿ ಹೇಳಿಸ್ಬೇಡಿ."

ಸಾಹೇಬರ ಮುಖ ಹರಳೆಣ್ಣೆ ಕುಡಿದವರಂತಾಯಿತು. ಗುಮಾಸ್ತನ ಕಡೆ ತಿರುಗಿದರು. "ಬೇರೆ ಏನೇನಿದೆ ಅದರಲ್ಲಿ?"

"ಬಾಕಿಗೆ ಕಾರಣ ಅಂತ ಎರಡಿದೆ ಸಾರ್. ಮರಣ, ನಿರಾಕರಣೆ. ಮರಣ ಅಂತ ಒತ್ತಿದ್ರೆ ಎಲ್ಲಿ, ಯಾವಾಗ, ಯಾಕೆ ಅಂತೆಲ್ಲ ಕೇಳುತ್ತೆ. ನಿರಾಕರಣೆಗೆ ಏನೂ ಕೇಳಲ್ಲ, ಪ್ರಶಸ್ತಿಯ ಲೆಕ್ಕಕ್ಕೂ ಹಿಡಿಯಲ್ಲ."

"ನಿರಾಕರಣೆ ಒತ್ತು."

ಅಷ್ಟರಲ್ಲಿ ಹೊರಗೆ ಕಾರುಗಳ ಬಾಗಿಲು ಬಡಿದುಕೊಂಡವು. ಬರಬೇಕಾದವರು ಅರ್ಧ ಗಂಟೆ ಮುಂಚೆಯೇ ಬಂದಿದ್ದರು. ದೊಡ್ಡ ಸಾಹೇಬರು ಹಲ್ಲು ಕಿರಿಯುತ್ತ ಬಾಗಿಲಿಗೆ ಓಡಿದರು. ಇಬ್ಬರು ಬಂದರು, ಒಬ್ಬ ಅಧಿಕಾರಿ, ಒಬ್ಬ ಅಧಿಕಾರಿಣಿ. ಹನ್ನೊಂದು ಹೆಂಗಸರು ತೋಳಿಗೆ ಹತ್ತಿ ಒತ್ತಿಕೊಂಡು ಗೋಡೆಯ ಪಕ್ಕ ನಿಂತಿದ್ದರು. ಅವರನ್ನು ಹೊರಗೆ ದಬ್ಬಲು ಹೊತ್ತು ಸಾಲಲಿಲ್ಲ.

ಅಧಿಕಾರಿಣಿ ಕನ್ನಡಕ ಏರಿಸಿ ಪರದೆ ನೋಡಿದರು. "ಎಲ್ಲ ಸರಿಯಾಗಿದೆ. ಒಂದು ಮಾತ್ರ ನಿರಾಕರಣೆ ಅಂತಿದೆಯಲ್ಲ?"

ದೊಡ್ಡ ಸಾಹೇಬರು ನಿಟ್ಟುಸಿರು ಬಿಟ್ಟರು. ಅದಂತೂ ತುಂಬಾ ಚೆನ್ನಾಗಿ ಬಂತು.

"ಒಬ್ಬ ಹೆಂಗಸು ಮೇಡಂ. ಕೆಳಗಿನ ಕೆಲಸದವಳು. ನಾನೇ ಖುದ್ದಾಗಿ ನಾಲ್ಕು ಸಲ ಕೂರಿಸಿಕೊಂಡು ಬುದ್ಧಿ ಹೇಳಿದೆ. ಕೇಳಲಿಲ್ಲ. ಆಮೇಲೆ ಕೆಲಸವನ್ನೇ ಬಿಟ್ಟು ಹೋದಳು."

"ಪಾಪ, ಓದಿಲ್ಲದವರು," ಎಂದರು ಅಧಿಕಾರಿಣಿ. "ಏನೇನೋ ಗಾಳಿಮಾತು ನಂಬುತ್ತಾರೆ."

"ಇಂಥವರಿಂದಲೇ ರೋಗ ಹೋಗದಿರೋದು," ಎಂದರು ಅಧಿಕಾರಿ. "ಇವರಿಗೆ ತಿಳುವಳಿಕೆ ಕೊಡಬೇಕು. ಒಂದು ಬೀದಿ ನಾಟಕ ಮಾಡಿಸಿ."

ಎಲ್ಲರೂ ತಲೆ ಆಡಿಸಿದರು. ಊರಿನಲ್ಲಿ ತಿಂಗಳುಗಟ್ಟಲೆ ನಡೆಯುತ್ತಿದ್ದ ಜಗಳ ಅಲ್ಲಿ ಎರಡೇ ನಿಮಿಷದಲ್ಲಿ ತೀರ್ಮಾನವಾಯಿತು. ತಪ್ಪೆಲ್ಲ ನಾದಿನಿಯದು.

ಅತ್ತಿಗೆ ಗೋಡೆ ಬಿಟ್ಟು ಮುಂದೆ ಬಂದಳು.

"ಅವಳು ಬೇಡ ಅಂದಿಲ್ಲ ಮೇಡಂ. ಮೊದಲ ಸೂಜಿ ಈ ಆಸ್ಪತ್ರೇಲಿ ಎಲ್ಲರಿಗಿಂತ ಮುಂಚೆ ಹಾಕಿಸಿಕೊಂಡವಳು ಅವಳು. ಎರಡನೇದಕ್ಕೆ ನಾಲ್ಕು ಸಲ ಕೇಳಿದಳು. ಬೇಡ ಅಂದವರು ಇವರು."

"ಸಿಸ್ಟರ್, ಇವಳನ್ನ ಹೊರಗೆ ಕರ್ಕೊಂಡು ಹೋಗಿ," ಎಂದರು ದೊಡ್ಡ ಸಾಹೇಬರು. "ದುಃಖದಲ್ಲಿ ಏನೋ ಮಾತಾಡ್ತಿದ್ದಾಳೆ."

ಸಿಸ್ಟರ್ ಸಿರಿಂಜುಗಳನ್ನು ಜೋಡಿಸುತ್ತಲೇ ಇದ್ದರು. ಬಹಳ ಗಮನವಿಟ್ಟು ಜೋಡಿಸುತ್ತಿದ್ದರು. ಕದಲಲಿಲ್ಲ.

"ಯಾವ ದುಃಖ? ಕೆಲಸ ಬಿಟ್ಟು ಹೋದಳು ಅಂದ್ರಲ್ಲ?" ಅಧಿಕಾರಿಣಿ ಕನ್ನಡಕ ತೆಗೆದರು. "ಎಲ್ಲಿದ್ದಾಳೆ ಅವಳು?"

"ಮಣ್ಣಲ್ಲಿ," ಎಂದಳು ಅತ್ತಿಗೆ. "ನಾನೇ ಸುತ್ತಿ ಕೊಟ್ಟೆ. ಇವತ್ತು ಬೇಡ ಅಂತಿರೋಳು ನಾನು. ಹಾಕಿದೆ ಅಂತ ಒಪ್ಪಿಕೋ, ಖಾಯಂ ಮಾಡ್ತೀನಿ ಅಂದ್ರು. ಬೇಡ ಅಂದೆ. ಅದನ್ನ ಬೇಕಾದ್ರೆ ಬರ್ಕೊಳ್ಳಿ."

ಉಳಿದ ಹತ್ತು ಜನ ಗೋಡೆ ಬಿಟ್ಟು ಬಂದು ಅವಳ ಹಿಂದೆ ನಿಂತರು. ವಾರ್ಡಿನಿಂದ ಯಾರೋ ಗಂಟೆ ಒತ್ತುತ್ತಿದ್ದರು. ಬಕೀಟು ತುಂಬಿರಬೇಕು, ಯಾರೂ ಹೋಗಲಿಲ್ಲ. ಇಬ್ಬರು ಡಾಕ್ಟರು ಬಾಗಿಲಲ್ಲೇ ಇದ್ದರು, ಅವರೂ ಹೋಗಲಿಲ್ಲ.

ಅತ್ತಿಗೆ ಗುಮಾಸ್ತನ ಮೇಜಿನ ಹತ್ತಿರ ಹೋದಳು.

"ಅದನ್ನ ಅಳಿಸು. ಸತ್ತಳು ಅಂತ ಒತ್ತು."

ಗುಮಾಸ್ತ ದೊಡ್ಡ ಸಾಹೇಬರನ್ನು ನೋಡಿದ. ಅವರ ಬೆರಳು ಮೇಲಕ್ಕೆ ಎದ್ದಿತ್ತು. ಅಧಿಕಾರಿಣಿಯನ್ನು ನೋಡಿದ. ಆಮೇಲೆ ಅತ್ತಿಗೆಯನ್ನು ನೋಡಿದ.

"ಒತ್ತಿದ್ರೆ ಯಾಕೆ ಸತ್ತಳು ಅಂತ ಕೇಳುತ್ತೆ ಅತ್ತಿಗೆ," ಎಂದ ಸಣ್ಣ ದನಿಯಲ್ಲಿ.

"ಕೇಳಲಿ."

ಗುಮಾಸ್ತ ಒತ್ತಿದ. ಪರದೆಯ ಮೇಲೆ ಖಾಲಿ ಜಾಗಗಳು ಬಂದವು. ಅತ್ತಿಗೆ ಬಿಳಿ ಬಟ್ಟೆ ತೊಡಿಸಿದ ಕುರ್ಚಿಯೊಂದನ್ನು ಎಳೆದುಕೊಂಡು ಅವನ ಪಕ್ಕದಲ್ಲಿ ಕೂತಳು.

"ಹೇಳ್ತೀನಿ," ಎಂದಳು. "ಒಂದಕ್ಷರ ಬಿಡದೆ ಬರ್ಕೋ."